ಫೋನಿನಲ್ಲಿ ಲಿನಕ್ಸ್: ಒಂದು ದಶಕದ ಜಮಾ ಖರ್ಚು

2017ರ ಏಪ್ರಿಲ್ 5ರಂದು ಕೆನಾನಿಕಲ್ ಕಂಪನಿಯ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಲಿನಕ್ಸ್ ಆಧಾರಿತ ಉಬುಂಟು ಫೋನಿನ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿದರು. ಅದಕ್ಕೆ ಮುಂಚಿನ ನಾಲ್ಕು ವರ್ಷಗಳಲ್ಲಿ ಆ ಕಂಪನಿ ಪಟ್ಟ ಪಾಡು ಕಡಿಮೆಯದಲ್ಲ. 2013ರಲ್ಲಿ ‘ಉಬುಂಟು ಎಡ್ಜ್’ ಎಂಬ ಫೋನಿಗಾಗಿ ಜನರಿಂದ 3.2 ಕೋಟಿ ಡಾಲರ್ ಎತ್ತಲು ಹೊರಟು, 1.28 ಕೋಟಿಯ ಆಸುಪಾಸಿನಲ್ಲಿ ನಿಂತಿತು. 2015ರ ಫೆಬ್ರುವರಿಯಲ್ಲಿ ಸ್ಪೇನಿನ ಬಿಕ್ಯೂ ಕಂಪನಿಯ ಮೂಲಕ ಮೊದಲ ಫೋನು ಮಾರಾಟಕ್ಕೆ ಬಂತು. ಕೊಂಡವರು ಬೆರಳೆಣಿಕೆಯಷ್ಟಲ್ಲದಿದ್ದರೂ ಕಂಪನಿಯ ಲೆಕ್ಕ ಸರಿದೂಗಲಿಲ್ಲ. ದುಡ್ಡು ಹುಟ್ಟದ ಕೆಲಸವನ್ನು ಕಂಪನಿ ಕೈಬಿಟ್ಟಿತು.

ಕಂಪನಿ ಕೈಬಿಟ್ಟರೂ ಕೆಲಸ ನಿಲ್ಲಲಿಲ್ಲ. ಮೂಲಸಂಕೇತ ಎಲ್ಲರಿಗೂ ತೆರೆದಿತ್ತು. ನಾರ್ವೆಯ ಮಾರಿಯಸ್ ಗ್ರಿಪ್ಸ್‌ಗಾರ್ಡ್ ಮೊದಲೇ ಕಟ್ಟಿದ್ದ ಯುಬಿಪೋರ್ಟ್ಸ್ ಎಂಬ ಸ್ವಯಂಸೇವಕರ ಬಳಗ ಆ ಫೋನಿನ ತಂತ್ರಾಂಶವಾದ ‘ಉಬುಂಟು ಟಚ್’ ಹೊಣೆಯನ್ನು ಹೊತ್ತುಕೊಂಡು, ಅದೇ ಜೂನ್ ತಿಂಗಳಲ್ಲಿ ತನ್ನ ಮೊದಲ ಅಪ್‌ಡೇಟ್ ಹೊರತಂದಿತು. ಮೇ ತಿಂಗಳಲ್ಲಿ ಆಲಿವರ್ ಸ್ಮಿತ್ ಎಂಬ ತಂತ್ರಜ್ಞ, ಒಂದು ಸ್ಮಾರ್ಟ್‌ಫೋನು ಹತ್ತು ವರ್ಷ ಬಾಳಬೇಕು ಎಂಬ ಗುರಿಯಿಟ್ಟುಕೊಂಡು ‘ಪೋಸ್ಟ್‌ಮಾರ್ಕೆಟ್ ಓಎಸ್’ ಆರಂಭಿಸಿದ್ದರು. ಆಗಸ್ಟ್‌ನಲ್ಲಿ ಅಮೆರಿಕದ ಪ್ಯೂರಿಸಂ ಕಂಪನಿ ‘ಲಿಬ್ರೆಮ್ 5’ ಎಂಬ ಲಿನಕ್ಸ್ ಫೋನಿಗೆ ಜನರಿಂದ 15 ಲಕ್ಷ ಡಾಲರ್ ಕೇಳಿತು; 20 ಲಕ್ಷಕ್ಕೂ ಹೆಚ್ಚು ಬಂತು. ಮುಗಿಯಿತು ಎಂದು ಎಲ್ಲರೂ ತಿಳಿದ ವರ್ಷವೇ ಆರಂಭದ ವರ್ಷವಾಯಿತು. ಅಲ್ಲಿಂದ ಇಲ್ಲಿಯವರೆಗೆ ಏನು ಕೈಗೂಡಿತು, ಏನು ಬಾಕಿ ಉಳಿಯಿತು ಎಂದು ಲೆಕ್ಕ ಹಾಕಲು ಇದು ಸರಿಯಾದ ಹೊತ್ತು.

ಆಂಡ್ರಾಯ್ಡ್ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ ತಾನೆ, ಮತ್ತೊಂದು ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕರ್ನಲ್ ಅದೇ ಆದರೂ ಅದರ ಮೇಲೆ ಗೂಗಲ್‌ನ ಸೇವೆಗಳು ಕೂತಿವೆ, ಕೆಳಗೆ ಚಿಪ್ ತಯಾರಕರ ಮುಚ್ಚಿದ ಡ್ರೈವರ್‌ಗಳಿವೆ. ನಡುವೆ ಸಿಕ್ಕಿಕೊಂಡ ಬಳಕೆದಾರನಿಗೆ ತಾನು ಕೊಂಡ ವಸ್ತುವಿನ ಮೇಲೆ ಹಕ್ಕು ತೀರ ಕಡಿಮೆ. ಪರದೆ ಚೆನ್ನಾಗಿದೆ, ಬ್ಯಾಟರಿ ಬದಲಿಸಬಹುದು, ಪ್ರೊಸೆಸರ್‌ಗೆ ಏನೂ ಆಗಿಲ್ಲ. ಆದರೂ ಅಪ್‌ಡೇಟ್ ನಿಂತಿತೆಂಬ ಒಂದೇ ಕಾರಣಕ್ಕೆ ಫೋನು ಮೇಜಿನ ಡ್ರಾಯರು ಸೇರುತ್ತದೆ. ಸಮುದಾಯದ ಲಿನಕ್ಸ್ ಹುಟ್ಟಿದ್ದು ಈ ಅನ್ಯಾಯದ ವಿರುದ್ಧ.

ಈ ಹಾದಿಯಲ್ಲಿ ಮೊದಲು ನಡೆದವರನ್ನು ಮರೆಯಬಾರದು. 2007ರಲ್ಲೇ ಓಪನ್‌ಮೊಕೊ ಯೋಜನೆ ‘ನಿಯೊ 1973’ ಎಂಬ ಮುಕ್ತ ಫೋನು ತಂದಿತ್ತು. 2009ರಲ್ಲಿ ಬಂದ ನೋಕಿಯಾ ಎನ್900 ಒಳಗೆ ಡೆಬಿಯನ್ ಮೂಲದ ಮೇಮೊ ಇತ್ತು. 2011ರಲ್ಲಿ ನೋಕಿಯಾ ವಿಂಡೋಸ್ ಕಡೆ ವಾಲಿದಾಗ ಆ ಬಳ್ಳಿ ಕಡಿಯಿತು. ಹೊರಬಂದ ಎಂಜಿನಿಯರ್‌ಗಳು ಕಟ್ಟಿದ ಯೊಲ್ಲಾ ಕಂಪನಿಯ ಸೈಲ್‌ಫಿಶ್ ಇವತ್ತಿಗೂ ಉಸಿರಾಡುತ್ತಿದೆ. ಭಾರತಕ್ಕೂ ಈ ಗಾಳಿ ಬೀಸಿತ್ತು. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿ ಫೈರ್‌ಫಾಕ್ಸ್ ಓಎಸ್ ಇರುವ ‘ಕ್ಲೌಡ್ ಎಫ್‌ಎಕ್ಸ್’ ಫೋನನ್ನು 1,999 ರೂಪಾಯಿಗೆ ಮಾರಿತು. ಮೊಝಿಲ್ಲಾ ಆ ಯೋಜನೆಯಿಂದ ಕೈತೊಳೆದುಕೊಂಡ ಮೇಲೆ ಅದೇ ಮೂಲಸಂಕೇತದಿಂದ ಕವಲೊಡೆದ ಕೈಓಎಸ್, 2017ರಲ್ಲಿ ಜಿಯೊಫೋನಿನ ಒಳಗೆ ಕೂತು ನಮ್ಮ ಹಳ್ಳಿಗಳನ್ನು ತಲುಪಿತು. ಇವೆಲ್ಲ ಕಂಪನಿಗಳ ಪ್ರಯತ್ನಗಳು. ಕಂಪನಿಯ ಮನಸ್ಸು ಬದಲಾದ ದಿನ ಫೋನಿನ ಹಣೆಬರಹವೂ ಬದಲಾಯಿತು. ಸಮುದಾಯದ ಕೆಲಸಕ್ಕೆ ಆ ಭಯವಿಲ್ಲ. ಅದರ ಕಷ್ಟಗಳು ಬೇರೆ.

ಮೊದಲು ಜಮೆಯ ಕಡೆ ನೋಡೋಣ. ಯುಬಿಪೋರ್ಟ್ಸ್ ಬಳಗ 2018ರ ಆಗಸ್ಟ್‌ನಲ್ಲಿ ಉಬುಂಟು ಟಚ್‌ನ ಬುನಾದಿಯನ್ನು 15.04ರಿಂದ 16.04ಕ್ಕೆ, 2023ರ ಮಾರ್ಚ್‌ನಲ್ಲಿ 20.04ಕ್ಕೆ ಏರಿಸಿತು. ಸಂಬಳವಿಲ್ಲದೆ, ಉದ್ಯೋಗ ಮುಗಿಸಿ ಬಂದ ಮೇಲಿನ ರಾತ್ರಿಗಳಲ್ಲಿ, ವಾರಾಂತ್ಯಗಳಲ್ಲಿ ಮಾಡಿದ ಕೆಲಸ ಇದು. ಇಡೀ ಅಡಿಪಾಯ ಬದಲಿಸುವುದೆಂದರೆ ಕರೆ, ಸಂದೇಶ, ವೈಫೈ, ಬ್ಲೂಟೂತ್ ಪ್ರತಿಯೊಂದನ್ನೂ ಪ್ರತಿ ಫೋನಿನಲ್ಲೂ ಹೊಸದಾಗಿ ಪರೀಕ್ಷಿಸುವುದು. ಇದರ ಖರ್ಚನ್ನೂ ಮುಚ್ಚಿಡದೆ ಹೇಳಬೇಕು: ಉಬುಂಟು 16.04ರ ಸಾಮಾನ್ಯ ಬೆಂಬಲ 2021ರ ಏಪ್ರಿಲ್‌ಗೇ ಮುಗಿದಿತ್ತು, ಫೋನುಗಳು ಮಾತ್ರ ಇನ್ನೂ ಎರಡು ವರ್ಷ ಅದರ ಮೇಲೇ ಓಡಿದವು. ಕೈಗಳು ಕಡಿಮೆ ಇದ್ದಾಗ ಸುರಕ್ಷತೆಗೆ ಬೀಳುವ ಪೆಟ್ಟು ಇದು.

ಎರಡನೆಯ ಜಮೆ ಪೈನ್‌ಫೋನ್. ಪೈನ್64 ಬಳಗ 2020ರ ಜನವರಿಯಿಂದ ಕಳಿಸತೊಡಗಿದ ಈ ಫೋನಿನ ಬೆಲೆ ಆಗ 149 ಡಾಲರ್ ಇತ್ತು. ಹಿಂಬದಿಯ ಮುಚ್ಚಳ ಉಗುರಿನಲ್ಲಿ ತೆಗೆಯಬಹುದು; ಒಳಗೆ ಕಳಚಬಹುದಾದ ಬ್ಯಾಟರಿ, ಅದರ ಮೇಲ್ಗಡೆ ಸಾಲಾಗಿ ಆರು ಪುಟ್ಟ ಸ್ವಿಚ್ಚುಗಳು. ಮೋಡೆಮ್, ವೈಫೈ, ಮೈಕ್, ಎರಡು ಕ್ಯಾಮೆರಾ, ಹೆಡ್‌ಫೋನ್ ಹೀಗೆ ಯಾವುದು ಬೇಡವೋ ಅದನ್ನು ಕಡ್ಡಿಯ ಮೊನೆಯಿಂದ ಒತ್ತಿ ಬಂದ್ ಮಾಡಬಹುದು. ಮೈಕ್ ಆಫ್ ಆಗಿದೆ ಎಂದು ಯಾವುದೋ ಆಪ್ ಹೇಳುವುದನ್ನು ನಂಬಬೇಕಿಲ್ಲ.

ಆದರೆ ಇದೇ ಫೋನು ಆರಂಭದಲ್ಲಿ ಬಂದ ಕರೆಗಳನ್ನು ತಪ್ಪಿಸುತ್ತಿತ್ತು. ಬ್ಯಾಟರಿ ಉಳಿಸಲು ಫೋನು ನಿದ್ರೆಗೆ ಜಾರಿದರೆ, ಮೋಡೆಮ್ ಅದನ್ನು ಎಬ್ಬಿಸಿ ಗಂಟೆ ಬಾರಿಸುವಷ್ಟರಲ್ಲಿ ಆಚೆ ಕಡೆಯವರು ಕರೆ ಕಡಿದಿರುತ್ತಿದ್ದರು. ಹುಡುಕುತ್ತಾ ಹೋದಾಗ ಆ ಮೋಡೆಮ್ ತಾನೇ ಒಂದು ಪುಟ್ಟ ಕಂಪ್ಯೂಟರ್, ಅದರೊಳಗೂ ಲಿನಕ್ಸೇ ಓಡುತ್ತಿದೆ ಎಂಬುದು ಗೊತ್ತಾಯಿತು. ಸಮುದಾಯದ ಒಬ್ಬರು ಆ ಭಾಗಕ್ಕೆ ಹೊಸ ಫರ್ಮ್‌ವೇರನ್ನೇ ಬರೆದು ಎಲ್ಲರಿಗೂ ಹಂಚಿದರು. ಜಾಲದ ಜೊತೆ ಮಾತಾಡುವ ಒಳತಿರುಳು ಮುಚ್ಚಿಯೇ ಇದ್ದರೂ, ಹೊರಭಾಗ ಸುಧಾರಿಸಿತು. ದೊಡ್ಡ ಕಂಪನಿಯೊಂದು ‘ಹೊಸ ಮಾಡೆಲ್ ಕೊಳ್ಳಿ’ ಎನ್ನುವ ಜಾಗದಲ್ಲಿ ಸಮುದಾಯ ಹಳೆಯದನ್ನೇ ರಿಪೇರಿ ಮಾಡಿತು.

ಮೂರನೆಯದು, ತಂತ್ರಜ್ಞಾನದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದದ್ದು, ಹಾದಿಯ ಆಯ್ಕೆ. ಉಬುಂಟು ಟಚ್ ಬಹುಪಾಲು ಫೋನುಗಳಲ್ಲಿ ‘ಹೇಲಿಯಂ’ ಎಂಬ ಪದರದ ಮೂಲಕ ಆಂಡ್ರಾಯ್ಡ್‌ನ ಕರ್ನಲ್ಲು, ಡ್ರೈವರ್‌ಗಳನ್ನೇ ಕಡ ತಂದು ನಡೆಯುತ್ತದೆ. ಕ್ಯಾಮೆರಾ, ಜಿಪಿಎಸ್ ಬೇಗ ಕೆಲಸ ಮಾಡುತ್ತವೆ. ಆದರೆ ಇದು ಬಾಡಿಗೆ ಮನೆ: ಗೋಡೆಗೆ ಮೊಳೆ ಹೊಡೆಯುವುದಕ್ಕೂ ಮಾಲೀಕನ ಮುಖ ನೋಡಬೇಕು, ಕರ್ನಲ್ ಹಳತಾದರೂ ಬದಲಿಸುವಂತಿಲ್ಲ. ಪೋಸ್ಟ್‌ಮಾರ್ಕೆಟ್ ಓಎಸ್ ಮತ್ತು ಡೆಬಿಯನ್ ಆಧಾರಿತ ಮೊಬಿಯನ್ ಆರಿಸಿಕೊಂಡದ್ದು ಲಿನಕ್ಸ್‌ನ ಮುಖ್ಯ ಕರ್ನಲ್ಲಿಗೇ ಫೋನಿನ ಬೆಂಬಲ ಸೇರಿಸುವ ದಾರಿ. ನಿಧಾನ, ಕ್ಯಾಮೆರಾ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಆದರೆ ಒಮ್ಮೆ ಸೇರಿದ ಫೋನಿಗೆ ಹೊಸ ಕರ್ನಲ್ ಬಂದಾಗಲೆಲ್ಲ ಹೊಸತನ ಸಿಗುತ್ತದೆ. 2018ರಲ್ಲಿ ನಮ್ಮಲ್ಲಿ ಜನಪ್ರಿಯವಾದ ಪೊಕೊ ಎಫ್1 ಮತ್ತು ಒನ್‌ಪ್ಲಸ್ 6, ಸ್ನ್ಯಾಪ್‌ಡ್ರ್ಯಾಗನ್ 845 ಚಿಪ್‌ನ ಈ ಎರಡೂ ಫೋನುಗಳು ಹೀಗೆ ಮರುಜೀವ ಪಡೆದಿವೆ. ಪೊಕೊ ಎಫ್1ರ ಬೆಂಬಲವನ್ನು ಮುಖ್ಯ ಕರ್ನಲ್ಲಿಗೆ ಸೇರಿಸಿದವರಲ್ಲಿ ಲಿನಾರೊ ಸಂಸ್ಥೆಯ ಭಾರತೀಯ ಎಂಜಿನಿಯರ್‌ಗಳಿದ್ದಾರೆ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಬದಲಾಯಿಸುವ ಕೆಲಸವೂ ಈಗ ಮೊದಲಿನಷ್ಟು ಕಠಿಣವಲ್ಲ. ಬೆಂಬಲವಿರುವ ಫೋನುಗಳ ಪಟ್ಟಿಯಲ್ಲಿ ನಿಮ್ಮದು ಇದೆಯೇ ನೋಡಿ, ಇರುವುದನ್ನೆಲ್ಲ ಬ್ಯಾಕಪ್ ಮಾಡಿ, ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಆಗ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಆಮೇಲೆ ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ ಯುಬಿಪೋರ್ಟ್ಸ್ ಇನ್‌ಸ್ಟಾಲರ್ ತೋರಿಸಿದಂತೆ ಮುಂದುವರಿದರೆ ಆಯಿತು. ಉಬುಂಟು ಟಚ್ ಮೊದಲ ಸಲ ತೆರೆದಾಗ ಭಾಷೆ ಕೇಳುತ್ತದೆ, ವೈಫೈ ಕೇಳುತ್ತದೆ, ಬೀಗದ ಸಂಖ್ಯೆ ಕೇಳುತ್ತದೆ. ಇಮೇಲ್ ಖಾತೆ ಕೇಳುವುದಿಲ್ಲ. ಎಡ ಅಂಚಿನಿಂದ ಬೆರಳು ಎಳೆದರೆ ಆಪ್‌ಗಳ ಸಾಲು, ಬಲ ಅಂಚಿನಿಂದ ಎಳೆದರೆ ತೆರೆದಿರುವ ಕೆಲಸಗಳು. ಒಂದೆರಡು ದಿನಕ್ಕೆ ಕೈ ಕೂರುತ್ತದೆ.

ಇನ್ನು ಖರ್ಚಿನ ಕಡೆ. ಭಾರತದಲ್ಲಿ ಈ ಪಟ್ಟಿ ಯುರೋಪಿಗಿಂತ ಉದ್ದ. 2016ರ ಸೆಪ್ಟೆಂಬರ್‌ನಲ್ಲಿ ಬಂದ ಜಿಯೊ ಜಾಲಕ್ಕೆ 2ಜಿ, 3ಜಿ ಇಲ್ಲವೇ ಇಲ್ಲ. ಮಾತಾಡಲು ವೋಲ್ಟಿ, ಅಂದರೆ 4ಜಿ ಜಾಲದಲ್ಲೇ ಕರೆ ಸಾಗಿಸುವ ತಂತ್ರಾಂಶ, ಬೇಕೇ ಬೇಕು. ಆ ತಂತ್ರಾಂಶ ಹೆಚ್ಚಿನ ಫೋನುಗಳಲ್ಲಿ ತಯಾರಕರ ಮುಚ್ಚಿದ ಆಂಡ್ರಾಯ್ಡ್ ಆಪ್‌ಗಳ ಒಳಗೆ ಅಡಗಿರುವುದರಿಂದ ಸಮುದಾಯದ ವ್ಯವಸ್ಥೆಗೆ ಸುಲಭವಾಗಿ ದಕ್ಕುವುದಿಲ್ಲ. ಕೆಲವು ಫೋನುಗಳಲ್ಲಿ ಈಗ ವೋಲ್ಟಿ ಬಂದಿದೆ, ಹಲವುಗಳಲ್ಲಿ ಬಂದಿಲ್ಲ. ಬಾರದ ಫೋನುಗಳಲ್ಲಿ ಏರ್‌ಟೆಲ್ ಸಿಮ್ ಇದ್ದವರು 2ಜಿಗಿಳಿದು ಮಾತಾಡಬಹುದು. ಜಿಯೊ ಸಿಮ್ ಇದ್ದವರಿಗೆ ಇಂಟರ್ನೆಟ್ ಮಾತ್ರ.

ದೊಡ್ಡ ಅಡ್ಡಿ ಯುಪಿಐ. ತರಕಾರಿ ಗಾಡಿಯಿಂದ ಆಟೋದವರೆಗೆ ಕ್ಯೂಆರ್ ಫಲಕ ನೇತುಹಾಕಿರುವ ಬೆಂಗಳೂರಿನಲ್ಲಿ ಆ ಆಪ್ ಇಲ್ಲದ ಫೋನನ್ನು ಹೊತ್ತು ತಿರುಗುವುದು ಕಷ್ಟವೇ. ಆಂಡ್ರಾಯ್ಡ್ ಆಪ್‌ಗಳನ್ನು ಲಿನಕ್ಸ್ ಒಳಗೆ ಓಡಿಸುವ ‘ವೇಡ್ರಾಯ್ಡ್’ ಇದೆ. ಆದರೆ ಹೆಚ್ಚಿನ ಬ್ಯಾಂಕ್ ಆಪ್‌ಗಳು ಅದರಲ್ಲಿ ತೆರೆಯಲು ಒಪ್ಪುವುದಿಲ್ಲ. ವಾಟ್ಸಾಪ್‌ಗೂ ಮೊದಲ ನೋಂದಣಿಗೆ ಆಂಡ್ರಾಯ್ಡ್ ಅಥವಾ ಐಫೋನು ಬೇಕು.

ಇವು ಸಮುದಾಯದ ಸೋಲುಗಳೆಂದು ಬರೆಯುವುದು ಸುಲಭ. ನಮ್ಮ ಅಭಿಪ್ರಾಯ ಹಾಗಿಲ್ಲ. ಹಣ ಪಾವತಿಗೆ ಆಂಡ್ರಾಯ್ಡ್, ಐಫೋನು ಎಂಬ ಎರಡೇ ವ್ಯವಸ್ಥೆಗಳು ಅನಿವಾರ್ಯವಲ್ಲ ಎಂದು ನಮ್ಮ ದೇಶವೇ ತೋರಿಸಿಕೊಟ್ಟಿದೆ: ಕೀಪ್ಯಾಡ್ ಫೋನಿನವರಿಗಾಗಿ *99# ಸೇವೆ ಇದೆ, 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ‘ಯುಪಿಐ 123ಪೇ’ ಜಾರಿಗೆ ತಂದಿತು. ಡಿಜಿಲಾಕರ್, ಕರ್ನಾಟಕದ ಸೇವಾ ಸಿಂಧು ಬ್ರೌಸರಿನಲ್ಲೇ ತೆರೆಯುತ್ತವೆ. ಯಾವ ಫೋನಾದರೂ ಸರಿ. ಹಾಗಿದ್ದ ಮೇಲೆ ಉಳಿದ ಸೇವೆಗಳಿಗೂ ಅದೇ ನೀತಿ ಯಾಕಿರಬಾರದು? ಬಾಗಿಲು ಹಾಕಿರುವುದು ನಿಯಮಗಳು. ಬರೆಯಬೇಕಾದ ಕೋಡಿನ ಬಹುಭಾಗವನ್ನು ಸ್ವಯಂಸೇವಕರು ಬರೆದಾಗಿದೆ.

ಕಾಲವೂ ಈ ಮಾತಿಗೆ ಅನುಕೂಲವಾಗಿ ತಿರುಗಿದೆ. ಆಂಡ್ರಾಯ್ಡ್ ಮಾರುಕಟ್ಟೆಯಲ್ಲಿ ಪ್ರಾಬಲ್ಯ ದುರುಪಯೋಗಪಡಿಸಿಕೊಂಡದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಾಗಿದ್ದು, ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಕೊಡಬೇಕು. ಇನ್ನೊಂದು ಕಡೆ, ಪ್ಲೇ ಸ್ಟೋರ್ ಹೊರಗೆ ಆಪ್ ಹಂಚುವವರೂ ತನ್ನಲ್ಲಿ ಗುರುತು ದೃಢಪಡಿಸಿಕೊಳ್ಳಬೇಕೆಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಘೋಷಿಸಿತು. ಒಂದು ಕಡೆ ಕಾನೂನು ಬೇಲಿ ಸಡಿಲಿಸುತ್ತಿದ್ದರೆ, ಇನ್ನೊಂದು ಕಡೆ ಕಂಪನಿ ಹೊಸ ಬೇಲಿ ಎಬ್ಬಿಸುತ್ತಿದೆ. ಪರ್ಯಾಯವೊಂದು ಜೀವಂತವಾಗಿರಬೇಕಾದ ಅಗತ್ಯ ಇಂದಿನಷ್ಟು ಹಿಂದೆಂದೂ ಇರಲಿಲ್ಲ.

ಕನ್ನಡದ ಮಾತು ಹೇಳದೆ ಈ ಲೆಕ್ಕ ಮುಗಿಯದು. ಮೊಬಿಯನ್ ಓಡುವ ಫೋನಿಗೆ ಡೆಬಿಯನ್ ಭಂಡಾರವೆಲ್ಲ ತೆರೆದಿದೆ. ಕನ್ನಡಿಗ ಸ್ವಯಂಸೇವಕರು ರೂಪಿಸಿದ ಗುಬ್ಬಿ, ನವಿಲು ಅಕ್ಷರಶೈಲಿಗಳನ್ನು ಒಂದೇ ಆಜ್ಞೆಯಲ್ಲಿ ಹಾಕಿಕೊಳ್ಳಬಹುದು. ಒತ್ತಕ್ಷರಗಳು ಕೆಡದೆ ಮೂಡುತ್ತವೆ. ಹೊರಗಿನ ಕೀಬೋರ್ಡ್ ಜೋಡಿಸಿದರೆ ಕಗಪ ವಿನ್ಯಾಸದಲ್ಲೇ ಟೈಪಿಸಬಹುದು. ಪರದೆಯ ಮೇಲಿನ ಕೀಲಿಮಣೆಗೆ ಮಾತ್ರ ನಾವೇ ದುಡಿಯಬೇಕು. ಪೈನ್‌ಫೋನ್, ಲಿಬ್ರೆಮ್‌ಗಳಲ್ಲಿ ಬಳಕೆಯಾಗುವ ‘ಸ್ಕ್ವೀಕ್‌ಬೋರ್ಡ್’ ಎಂಬ ಕೀಲಿಮಣೆಯ ವಿನ್ಯಾಸ ಒಂದು ಸರಳ ಪಠ್ಯ ಕಡತ. ಯಾವ ಸಾಲಿನಲ್ಲಿ ಯಾವ ಅಕ್ಷರ ಎಂದು ಬರೆದಿಟ್ಟರೆ ಸಾಕು. ಎಂಜಿನಿಯರಿಂಗ್ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಆಗುವ ಕೆಲಸ. ಆಂಡ್ರಾಯ್ಡ್‌ನಲ್ಲಿ ಕನ್ನಡ ಹೇಗಿರಬೇಕೆಂದು ನಾವು ಬೇಡಿಕೊಳ್ಳಬೇಕು; ಇಲ್ಲಿ ನಾವೇ ತೀರ್ಮಾನಿಸಬಹುದು.

ಎಲ್ಲರೂ ನಾಳೆಯೇ ಬದಲಾಯಿಸಿ ಎಂದು ಹೇಳುವ ಸ್ಥಿತಿ ಇನ್ನೂ ಬಂದಿಲ್ಲ. ಲಿಬ್ರೆಮ್‌ಗೆ ಹಣ ಕೊಟ್ಟವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಕಾದರು. ಪೈನ್‌ಫೋನ್ ಪ್ರೊ ತಯಾರಿಕೆ 2025ರಲ್ಲಿ ನಿಂತಿತು. ಆಸೆ ಹುಟ್ಟಿಸಿ ನಿರಾಸೆ ಮಾಡುವುದು ಈ ಕ್ಷೇತ್ರಕ್ಕೆ ಹೊಸದಲ್ಲ. ಒಂದೇ ಫೋನಿನಲ್ಲಿ ಬ್ಯಾಂಕು, ಕಚೇರಿ, ಮನೆ ಎಲ್ಲವನ್ನೂ ನಡೆಸುವವರು ಸದ್ಯ ಕಾಯುವುದೇ ಸರಿ.

ಆದರೆ ಡ್ರಾಯರಿನಲ್ಲಿ ಹಳೆಯ ಪೊಕೊ ಎಫ್1, ಒನ್‌ಪ್ಲಸ್ 6, ರೆಡ್ಮಿ ನೋಟ್ 7 ಇಟ್ಟುಕೊಂಡಿರುವವರು ಇವತ್ತೇ ಆರಂಭಿಸಬಹುದು. ಓದಲು, ಬರೆಯಲು, ಹಾಡು ಕೇಳಲು, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಆ ಫೋನಿಗೆ ಇನ್ನೂ ಬೇಕಾದಷ್ಟು ಆಯುಷ್ಯವಿದೆ. ಏನಾದರೂ ಕೆಡುತ್ತಿದ್ದರೆ ಬಳಗಕ್ಕೆ ವರದಿ ಮಾಡಿ, ಕೈಲಾದಷ್ಟು ದೇಣಿಗೆ ಕೊಡಿ. ನಿಮ್ಮ ಬ್ಯಾಂಕಿಗೆ ಪತ್ರ ಬರೆದು ಆಪ್‌ನಲ್ಲಿರುವ ಎಲ್ಲ ಸೇವೆಯೂ ವೆಬ್‌ಸೈಟಿನಲ್ಲಿ ಸಿಗಲಿ ಎಂದು ಕೇಳಿ. ಸರ್ಕಾರ, ಸಾರ್ವಜನಿಕ ಸೇವೆ ಯಾವುದೂ ಆಪ್ ಮೂಲಕ ಮಾತ್ರ ಸಿಗುವಂತಿರಬಾರದೆಂಬ ನಿಯಮ ಮಾಡಲಿ. ಕೊಂಡವನು ಕೇಳಿದರೆ ಬೂಟ್‌ಲೋಡರ್ ತೆರೆದುಕೊಡುವುದನ್ನು ತಯಾರಕರಿಗೆ ಕಡ್ಡಾಯಗೊಳಿಸಲಿ. ಸಮುದಾಯ ತನ್ನ ಪಾಲಿನ ಕೆಲಸವನ್ನು ಮಾಡಿ ತೋರಿಸಿದೆ. ಬಾಕಿ ಇರುವುದು ಬ್ಯಾಂಕುಗಳ, ದೂರಸಂಪರ್ಕ ಕಂಪನಿಗಳ, ಸರ್ಕಾರದ ಪಾಲು. ಅದನ್ನು ವಸೂಲು ಮಾಡುವುದು ಬಳಕೆದಾರರಾದ ನಮ್ಮೆಲ್ಲರ ಹೊಣೆ.