ಗೋಕಾಕದ ಖಡ್ಗಮೃಗವೂ ಜೀವವಿಕಾಸವಾದವೂ

ಜೀವವಿಕಾಸದ ಮಾತು ಬಂದೊಡನೆ ನಮ್ಮ ಮನಸ್ಸು ದೂರದ ಗ್ಯಾಲಪಗೋಸ್ ದ್ವೀಪಗಳತ್ತ ಹಾರುತ್ತದೆ. ಅಲ್ಲಿಯ ಹಕ್ಕಿಗಳು, ಅಲ್ಲಿಯ ಆಮೆಗಳು, ಡಾರ್ವಿನ್ನನು ಏರಿದ್ದ ಹಡಗು ಇವಿಷ್ಟೇ ಆ ವಿಚಾರದ ಸಾಮಗ್ರಿಯೆಂದು ನಾವು ತಿಳಿದಿರುತ್ತೇವೆ. ಆದುದರಿಂದ ಇದು ಪರದೇಶದವರು ಪರದೇಶದಲ್ಲಿ ಕಂಡುಕೊಂಡ, ನಮಗೆ ಸಂಬಂಧವಿಲ್ಲದ ಸಂಗತಿಯೆಂಬ ಭಾವನೆ ಸುಶಿಕ್ಷಿತರಲ್ಲಿಯೂ ಬೇರೂರಿದೆ. ಇದು ಸರಿಯಲ್ಲವೆಂಬುದಕ್ಕೆ ಸಾಕ್ಷ್ಯವು ಘಟಪ್ರಭೆಯ ಕಣಿವೆಯಲ್ಲಿಯೇ ಇದೆ.

ಮೊದಲು ಈ ವಾದವು ಹುಟ್ಟಿದ ಬಗೆಯನ್ನು ನೋಡೋಣ. ೧೮೫೮ನೆಯ ಜುಲೈ ೧ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ವಾಲೇಸ್ ಇವರ ಬರಹಗಳನ್ನು ಒಟ್ಟಿಗೆ ಓದಲಾಯಿತು. ಮರುವರ್ಷ ನವೆಂಬರಿನಲ್ಲಿ ಡಾರ್ವಿನ್ನನ ‘ಜೀವಜಾತಿಗಳ ಉಗಮ’ ಪ್ರಕಟವಾಯಿತು. ಒಂದೇ ಜಾತಿಯ ಜೀವಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ. ಹುಟ್ಟಿದವೆಲ್ಲವೂ ಬದುಕಿ ಉಳಿಯಲಾರವು. ಪರಿಸರಕ್ಕೆ ಹೊಂದುವ ವ್ಯತ್ಯಾಸವುಳ್ಳವು ಹೆಚ್ಚು ಸಂತತಿಯನ್ನು ಪಡೆಯುತ್ತವೆ. ಬಹುಕಾಲ ಹೀಗೆ ನಡೆದರೆ ಹೊಸ ಜಾತಿಗಳು ಮೂಡುತ್ತವೆ ಎಂಬುದೇ ಅದರ ತಿರುಳು. ಮನುಷ್ಯನು ಆರಿಸಿ ಸಾಕಿದುದರಿಂದ ಪಾರಿವಾಳಗಳಲ್ಲಿ ಎಷ್ಟು ಬಗೆಗಳಾದವೆಂಬುದನ್ನು ಡಾರ್ವಿನ್ನನು ಮೊದಲನೆಯ ಅಧ್ಯಾಯದಲ್ಲಿಯೇ ವಿವರಿಸಿದ್ದಾನೆ. ಇದಕ್ಕಾಗಿ ಭಾರತದಿಂದ ಪಾರಿವಾಳಗಳ ಚರ್ಮಗಳನ್ನು ಕಳಿಸಿದ ವಾಲ್ಟರ್ ಎಲಿಯಟ್ಟನ ಉಪಕಾರವನ್ನು ಅಲ್ಲಿ ಸ್ಮರಿಸಿದ್ದಾನೆ.

ಈ ಎಲಿಯಟ್ಟನು ನಮ್ಮ ನಾಡಿಗೆ ಅಪರಿಚಿತನಲ್ಲ. ೧೮೨೪ರ ಕಿತ್ತೂರಿನ ಬಂಡಾಯದಲ್ಲಿ ಸೆರೆಸಿಕ್ಕ ಆಂಗ್ಲ ಅಧಿಕಾರಿಗಳಲ್ಲಿ ಅವನೂ ಒಬ್ಬನು. ಬೆಳಗಾವಿ, ಧಾರವಾಡಗಳನ್ನೊಳಗೊಂಡ ಸೀಮೆಗೆ ಆಗ ‘ದಕ್ಷಿಣ ಮರಾಠಾ ಪ್ರಾಂತ’ವೆಂಬ ಹೆಸರಿತ್ತು. ಆ ಪ್ರಾಂತದ ಸಸ್ತನಿಗಳ ಪಟ್ಟಿಯನ್ನು ಎಲಿಯಟ್ಟನು ೧೮೩೯ರಲ್ಲಿ ಪ್ರಕಟಿಸಿದನು. ಅದರಲ್ಲಿ ಕನ್ನಡದ ಹೆಸರುಗಳೂ ಇವೆ. ‘ಗುಲಂಡಿ’ಯೆಂದು ಕನ್ನಡದಲ್ಲಿ ಕರೆಯಲಾಗುತ್ತಿದ್ದ ಒಂದು ಇಲಿಯ ಕುಲಕ್ಕೆ ಶಾಸ್ತ್ರದಲ್ಲಿ ‘ಗೋಲಂಡಾ’ ಎಂಬ ಹೆಸರೇ ನಿಂತಿದೆ. ಆ ಹೆಸರುಗಳನ್ನು ಹೇಳಿಕೊಟ್ಟವರು ಇಲ್ಲಿಯ ಜನರೇ ಅಲ್ಲದೆ ಮತ್ತಾರು?

ಇನ್ನು ಗೋಕಾಕಕ್ಕೆ ಬರೋಣ. ಭಾರತದ ಭೂಗರ್ಭ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟನು ಈ ಸೀಮೆಯ ಕಲ್ಲುಮಣ್ಣುಗಳನ್ನು ಪರೀಕ್ಷಿಸುತ್ತಿದ್ದಾಗ, ತನ್ನ ದಾಖಲೆಯಲ್ಲಿ ‘ಚಿಕ್ದೌಲಿ’ ಎಂದು ಬರೆದಿರುವ ಗ್ರಾಮದ ಬಳಿ, ಹಳೆಯ ಮೆಕ್ಕಲು ನೆಲದಲ್ಲಿ ಖಡ್ಗಮೃಗವೊಂದರ ಪಳೆಯುಳಿಕೆಗಳನ್ನು ಕಂಡನು. ೧೮೭೪ರಲ್ಲಿ, ಡಾರ್ವಿನ್ನನ ಗ್ರಂಥ ಹೊರಬಂದ ಹದಿನೈದನೆಯ ವರ್ಷಕ್ಕೆ, ಅದನ್ನು ಹೊಸ ಜಾತಿಯೆಂದು ವರ್ಣಿಸಿ ದಕ್ಷಿಣಾಪಥದ ಹೆಸರಿನಿಂದ ‘ರೈನಾಸರಸ್ ಡೆಕ್ಕನೆನ್ಸಿಸ್’ ಎಂದು ಕರೆದನು. ಇಂದು ಭಾರತದ ಖಡ್ಗಮೃಗವನ್ನು ಕಾಣಬೇಕಾದರೆ ಅಸ್ಸಾಮಿಗೋ ಉತ್ತರ ಬಂಗಾಳಕ್ಕೋ ಹೋಗಬೇಕು.

ಒಂದು ಎಲುಬಿನಿಂದ ವಿಕಾಸವಾದ ಸಿದ್ಧವಾಯಿತೇ? ಇಲ್ಲ. ಆದರೆ ಜೀವಲೋಕವು ಸೃಷ್ಟಿಯಾದಂದಿನಿಂದ ಹೀಗೆಯೇ ಇದೆಯೆಂಬ ನಂಬಿಕೆಗೆ ಇಂತಹ ಎಲುಬುಗಳೇ ಉತ್ತರ ಕೊಟ್ಟವು. ಇದೇ ನೆಲದ ಪದರಗಳನ್ನು ಕ್ರಮವಾಗಿ ನೋಡಿರಿ. ಗೋಕಾಕದ ಜಲಪಾತವು ೫೨ ಮೀಟರು ಧುಮುಕುವ ಮರಳುಗಲ್ಲಿನ ಬಂಡೆಗಳು ಎಲುಬುಳ್ಳ ಪ್ರಾಣಿಗಳು ಹುಟ್ಟುವುದಕ್ಕೆ ಮುಂಚಿನವು, ಅವುಗಳಲ್ಲಿ ಎಲುಬಿಲ್ಲ. ಹುಕ್ಕೇರಿ, ಮೂಡಲಗಿಗಳ ಕರಿನೆಲಕ್ಕೆ ತಾಯಿಯಾದ ಕಪ್ಪುಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ. ಖಡ್ಗಮೃಗವಿದ್ದ ಮೆಕ್ಕಲು ಇವೆರಡಕ್ಕಿಂತಲೂ ಬಹಳ ಈಚಿನದು. ಈ ಕ್ರಮವು ಎಲ್ಲ ದೇಶಗಳಲ್ಲಿಯೂ ಒಂದೇ ರೀತಿಯಾಗಿ ಕಂಡುಬರುವುದೇ ವಿಕಾಸವಾದದ ಬಲ.

ಆರಂಭದಲ್ಲಿ ಈ ವಾದಕ್ಕೆ ವಿರೋಧ ಬಂದುದು ಧರ್ಮಾಧಿಕಾರಿಗಳಿಂದ ಮಾತ್ರವೆಂದು ತಿಳಿಯಬಾರದು. ಭೌತವಿಜ್ಞಾನಿ ಕೆಲ್ವಿನ್ನನು ೧೮೬೨ರಲ್ಲಿ, ಭೂಮಿ ತಣ್ಣಗಾದ ಲೆಕ್ಕ ಹಾಕಿ, ವಿಕಾಸಕ್ಕೆ ಬೇಕಾದಷ್ಟು ಕಾಲವೇ ಇಲ್ಲವೆನ್ನುವಂತೆ ಮಾಡಿದನು. ಡಾರ್ವಿನ್ನನು ಆ ಆಕ್ಷೇಪವನ್ನು ಮುಚ್ಚಿಡಲಿಲ್ಲ. ಅದು ತನ್ನನ್ನು ಕಾಡುತ್ತಿದೆಯೆಂದು ಒಪ್ಪಿದನು. ೧೮೯೬ರಲ್ಲಿ ವಿಕಿರಣಶೀಲತೆ ಪತ್ತೆಯಾದ ಮೇಲೆ ಕಲ್ಲುಗಳ ವಯಸ್ಸನ್ನು ಅಳೆಯುವ ದಾರಿ ತೆರೆಯಿತು. ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷಗಳೆಂದು ಇಂದು ತಿಳಿದಿದೆ. ಮೆಂಡೆಲ್ಲನ ಆನುವಂಶಿಕ ನಿಯಮಗಳು ಕೂಡಿಬಂದು, ಪ್ರಾಕೃತಿಕ ಆಯ್ಕೆಗೆ ವಿಜ್ಞಾನಿಗಳ ಪೂರ್ಣ ಮನ್ನಣೆ ದೊರೆಯಲು ೧೯೩೦ರ ದಶಕದವರೆಗೆ ಕಾಯಬೇಕಾಯಿತು. ಇಷ್ಟು ಪರೀಕ್ಷೆಗಳನ್ನು ದಾಟಿ ಬಂದುದನ್ನು ನಾವು ಕನ್ನಡದಲ್ಲಿ ‘ವಾದ’ವೆಂದು ಕರೆಯುತ್ತೇವೆ. ಕೇಳುವವನು ಅದನ್ನು ತರ್ಕವಿತರ್ಕದ ಮಾತೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಇಷ್ಟನ್ನು ಈಗ ಹೇಳಲು ಕಾರಣವುಂಟು. ೨೦೨೩ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪಠ್ಯದಿಂದ ವಿಕಾಸದ ಭಾಗವನ್ನು ಕೈಬಿಡಲಾಯಿತು. ವಿಜ್ಞಾನಿಗಳು, ಶಿಕ್ಷಕರು ಮೊದಲಾದ ೧,೮೦೦ಕ್ಕೂ ಹೆಚ್ಚು ಮಂದಿ ಬಹಿರಂಗ ಪತ್ರ ಬರೆದು ಇದನ್ನು ವಿರೋಧಿಸಿದರು. ಮಕ್ಕಳ ಹೊರೆ ಇಳಿಸಬೇಕೆಂಬ ಮಾತು ಒಪ್ಪತಕ್ಕದ್ದೇ. ಆದರೆ ಹತ್ತನೆಯ ತರಗತಿಯ ನಂತರ ಜೀವಶಾಸ್ತ್ರವನ್ನೇ ಓದದ ಮಕ್ಕಳು ಬಹಳ. ಅವರಿಗೆ ಇದನ್ನು ತಿಳಿಯಲು ಇನ್ನೊಂದು ಅವಕಾಶವೆಲ್ಲಿ?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಶಿಕ್ಷಕರಲ್ಲಿ ನಮ್ಮದೊಂದು ವಿನಂತಿ. ಪಠ್ಯದಲ್ಲಿರಲಿ, ಬಿಡಲಿ, ವರ್ಷಕ್ಕೊಮ್ಮೆ ಮಕ್ಕಳನ್ನು ಹೊಳೆಯ ದಂಡೆಗೆ ಕರೆದೊಯ್ದು ಕಲ್ಲಿನ ಪದರಗಳನ್ನು ತೋರಿಸಿರಿ. ಇಲ್ಲಿ ಒಮ್ಮೆ ಖಡ್ಗಮೃಗ ಮೇಯುತ್ತಿತ್ತೆಂದು ಹೇಳಿರಿ. ಅದು ಯಾವಾಗ ಬಂದಿತು, ಏಕೆ ಹೋಯಿತು ಎಂದು ಮಕ್ಕಳು ತಾವಾಗಿಯೇ ಕೇಳುವರು. ಡಾರ್ವಿನ್ನನೂ ವಾಲೇಸನೂ ಹೊರಟದ್ದು ಅಂತಹ ಪ್ರಶ್ನೆಗಳಿಂದಲೇ.