ಮನೆ ಹೆರಿಗೆ: ಧೈರ್ಯ ಸಾಲದು, ಸಿದ್ಧತೆ ಬೇಕು

ವಿಜಯವಾಡ: ಸಿಸೇರಿಯನ್‌ಗೆ ಹೆದರಿ ಮನೆಯಲ್ಲೇ ಹೆರಿಗೆಯಾಗಲಿ ಎನ್ನುವವರ ಭಯ ಸುಳ್ಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆಂಧ್ರದಲ್ಲಿ ಶೇ. 42.4ರಷ್ಟು ಹೆರಿಗೆಗಳು ಸಿಸೇರಿಯನ್, ಕರ್ನಾಟಕದಲ್ಲಿ ಶೇ. 31.5.

ನಮ್ಮ ಅಜ್ಜಿಯರು ಮನೆಯಲ್ಲೇ ಹೆತ್ತರು, ನಿಜ. ಆದರೆ ಅವರ ಪಕ್ಕದಲ್ಲಿ ಪಳಗಿದ ಸೂಲಗಿತ್ತಿ ಇರುತ್ತಿದ್ದಳು. ಆಂಧ್ರ ಗಡಿಯಂಚಿನ ಪಾವಗಡ ಸೀಮೆಯಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮ ಅದೇ ಡಿಸೆಂಬರ್ 25ರಂದು ನಿಧನರಾದರು. ಅಂಥ ಕೈಗಳನ್ನು ಪಟಮಟದ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲಿ ಹುಡುಕುವುದು? ಹೆರಿಗೆಯ ಬೆನ್ನಿಗೇ ವಿಪರೀತ ರಕ್ತಸ್ರಾವವಾದರೆ ಎರಡೇ ಗಂಟೆಯಲ್ಲಿ ತಾಯಿಯ ಜೀವ ಹೋಗಬಹುದು.

ಆದ್ದರಿಂದ ಸಿಸೇರಿಯನ್ ಭಯಕ್ಕೆ ಮದ್ದು ಮನೆಯಲ್ಲಿಲ್ಲ, ಮುಂಚಿತವಾದ ಸಿದ್ಧತೆಯಲ್ಲಿದೆ. ಏಳನೇ ತಿಂಗಳಲ್ಲೇ ಆಸ್ಪತ್ರೆ ಗೊತ್ತುಮಾಡಿಕೊಳ್ಳಿ. ಸಹಜ ಹೆರಿಗೆಗೆ ಎಷ್ಟು ಹೊತ್ತು ಕಾಯುತ್ತೀರಿ, ಸಿಸೇರಿಯನ್ ಯಾವಾಗ ಅನಿವಾರ್ಯ, ರಕ್ತದ ವ್ಯವಸ್ಥೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ರಕ್ತದ ಗುಂಪು, ರಕ್ತ ಕೊಡುವವರು, ನಡುರಾತ್ರಿಗೆ ವಾಹನ ಇವೆಲ್ಲ ಮೊದಲೇ ನಿಶ್ಚಯವಾಗಿರಲಿ. 108 ಎರಡೂ ರಾಜ್ಯಗಳಲ್ಲಿದೆ. ತವರಿಗೆ ಹೋಗುವವರು ತಪಾಸಣೆಯ ಕಾಗದಗಳೆಲ್ಲವನ್ನೂ ಜೊತೆಗೆ ಒಯ್ಯಬೇಕು.

ಅಕಸ್ಮಾತ್ ಮನೆಯಲ್ಲೇ ಹೆರಿಗೆಯಾದರೆ ತಾಯಿ-ಮಗುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ. 21 ದಿನದೊಳಗೆ ಮನೆಯ ಹಿರಿಯರೇ ಜನನ ನೋಂದಾಯಿಸಬೇಕು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶಕ್ಕೂ ಆ ಪ್ರಮಾಣಪತ್ರವೇ ಆಧಾರ.

ತವರು ದೂರವಿರುವ ಊರಿನಲ್ಲಿ ಸಂಘವೇ ತವರು. ರಾಜ್ಯೋತ್ಸವದ ಜೊತೆಗೆ ರಕ್ತದಾನಿಗಳ ಪಟ್ಟಿಯೊಂದನ್ನೂ, ಆಸ್ಪತ್ರೆಯಲ್ಲಿ ತೆಲುಗು ಬಾರದ ಗರ್ಭಿಣಿಯ ಜೊತೆ ನಿಲ್ಲುವ ಇಬ್ಬರು ಹಿರಿಯ ಮಹಿಳೆಯರನ್ನೂ ನಮ್ಮ ಸಂಘಗಳು ಸಿದ್ಧವಾಗಿಟ್ಟುಕೊಳ್ಳಲಿ.