ಕೇಬಲ್ ತೆಗೆಸಿದ್ದಾಯ್ತು, ಹೊಸ ವೈರ್ ಯಾರದ್ದು?

ಯುಗಾದಿಗೆ ಊರಿಗೆ ಹೋದಾಗ ಮನೆಯ ಕೇಬಲ್ ಕನೆಕ್ಷನ್ ತೆಗೆಸಿಬಿಟ್ಟೆ. ತಿಂಗಳಿಗೆ 400 ರೂಪಾಯಿ ಕೊಟ್ಟು ಅಮ್ಮ ನೋಡುತ್ತಿದ್ದದ್ದು ಐದೇ ಐದು ಚಾನೆಲ್. ಉಳಿದ ಇನ್ನೂರು ಚಿಲ್ಲರೆ ಚಾನೆಲ್ ಯಾಕೆ ಬರುತ್ತಿದ್ದವೋ ಅವಳಿಗೂ ಗೊತ್ತಿಲ್ಲ, ಕೇಬಲ್‌ನವನಿಗೂ ಗೊತ್ತಿಲ್ಲ. "ಇಂಟರ್ನೆಟ್ ಹಾಕಿಸ್ತೀನಮ್ಮ, ಎಲ್ಲ ಅದರಲ್ಲೇ ಬರುತ್ತೆ" ಅಂದೆ. ಒಂದು ವಾರದ ಕೆಲಸ ಅಂದುಕೊಂಡಿದ್ದು ಎರಡು ತಿಂಗಳು ಹಿಡಿಯಿತು. ಮೊದಲು ಬಂದ ಕಂಪನಿ ಆರು ತಿಂಗಳ ದುಡ್ಡು ಮುಂಗಡ ತಗೊಂಡು, ಆಮೇಲೆ "ನಿಮ್ಮ ಬೀದಿಗೆ ಫೈಬರ್ ಬಂದಿಲ್ಲ ಸಾರ್" ಅಂತ ಕೈ ಎತ್ತಿತು. ಆ ದುಡ್ಡು ವಾಪಸ್ ಬರೋ ಹೊತ್ತಿಗೆ ಅಮ್ಮನ ಧಾರಾವಾಹಿಯಲ್ಲಿ ಒಂದು ಮದುವೆ ಮುರಿದು ಇನ್ನೊಂದು ಮದುವೆಯೂ ಆಗಿತ್ತು.

ಕೇಬಲ್ ಬಿಡೋದು ಬರೀ ಸಿಟಿ ಹುಡುಗರ ಶೋಕಿ ಅಲ್ಲ. ಟ್ರಾಯ್ ಲೆಕ್ಕದ ಪ್ರಕಾರ 2020ರ ಕೊನೆಗೆ ದೇಶದಲ್ಲಿ ಸುಮಾರು 7 ಕೋಟಿ ಡಿಟಿಎಚ್ ಚಂದಾದಾರರಿದ್ದರು. 2024ರ ಮಧ್ಯಕ್ಕೆ ಅದು 6.2 ಕೋಟಿ ಆಸುಪಾಸಿಗೆ ಇಳಿದಿತ್ತು. ಜನ ಟಿವಿ ನೋಡೋದು ಬಿಟ್ಟಿಲ್ಲ, ದುಡ್ಡು ಕೊಡುವ ದಾರಿ ಬದಲಾಗಿದೆ ಅಷ್ಟೇ.

ಬದಲಾಗಿದ್ದು ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 2017ರಲ್ಲಿ ಟ್ರಾಯ್ ಹೊಸ ದರ ನಿಯಮ ತಂದಾಗ ಹೇಳಿದ ಮಾತು ಚಂದವಾಗೇ ಇತ್ತು: ನೋಡುವ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ. ಅದರ ವಿರುದ್ಧ ಸ್ಟಾರ್ ಸಂಸ್ಥೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2018ರಲ್ಲಿ ಸೋತಿತು. 2019ರ ಫೆಬ್ರವರಿಯಲ್ಲಿ ನಿಯಮ ಜಾರಿಗೆ ಬಂತು. 100 ಚಾನೆಲ್‌ವರೆಗೆ ನೆಟ್‌ವರ್ಕ್ ಶುಲ್ಕ 130 ರೂಪಾಯಿ, 18% ಜಿಎಸ್‌ಟಿ ಸೇರಿ 153. ಅದು ಬರೀ ವೈರಿನ ಬಾಡಿಗೆ. ಪೇ ಚಾನೆಲ್ ಬೇಕಾದರೆ ಅದರ ಮೇಲೆ. ಪ್ಯಾಕ್‌ಗೆ ಸೇರಿಸುವ ಚಾನೆಲ್‌ನ ಬೆಲೆ 19 ರೂಪಾಯಿ ಮೀರಬಾರದು ಅಂತ ಮಿತಿ ಹಾಕಿದ್ದೇ ತಡ, ಜನಪ್ರಿಯ ಚಾನೆಲ್‌ಗಳೆಲ್ಲ ಹೋಗಿ ಆ 19ರಲ್ಲೇ ಕೂತವು. ಅಂಥ ನಾಲ್ಕು ಚಾನೆಲ್ ಬಿಡಿಬಿಡಿಯಾಗಿ ತಗೊಂಡರೂ ತೆರಿಗೆ ಸೇರಿ ಬಿಲ್ 243 ರೂಪಾಯಿ. ಪ್ಯಾಕ್ ತಗೊಂಡರೆ ಅಗ್ಗ ಕಾಣುತ್ತಿತ್ತು, ಅದಕ್ಕೆ ಎಲ್ಲರೂ ಪ್ಯಾಕ್ ತಗೊಂಡರು. ಬೇಡದ ಚಾನೆಲ್ ವಾಪಸ್ ಮನೆಗೆ ಬಂದವು.

2020ರ ಜನವರಿಯಲ್ಲಿ ಟ್ರಾಯ್ ಆ ಮಿತಿಯನ್ನು 12ಕ್ಕೆ ಇಳಿಸಿತು. ವಾಹಿನಿಗಳು ಮತ್ತೆ ಕೋರ್ಟಿಗೆ ಹೋದವು. 2022ರ ನವೆಂಬರಿನಲ್ಲಿ ಮತ್ತೆ 19. ಅದಾದ ಮೇಲೆ 2023ರ ಫೆಬ್ರವರಿಯಲ್ಲಿ, ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ದೊಡ್ಡ ವಾಹಿನಿಗಳು ಸಿಗ್ನಲ್ಲೇ ಕಟ್ ಮಾಡಿದವು. ಕೋಟ್ಯಂತರ ಮನೆಗಳ ಪರದೆ ಖಾಲಿ. 2024ರ ಜುಲೈನಲ್ಲಿ ನೆಟ್‌ವರ್ಕ್ ಶುಲ್ಕದ ಮೇಲಿದ್ದ ಮಿತಿಯನ್ನೂ ಟ್ರಾಯ್ ತೆಗೆದುಹಾಕಿತು. ಗ್ರಾಹಕನಿಗೆ ಆಯ್ಕೆ ಕೊಡ್ತೀವಿ ಅಂತ ಶುರುವಾಗಿದ್ದು ಇಲ್ಲಿಗೆ ಬಂದು ನಿಂತಿದೆ.

ಸರಿ, ಕೇಬಲ್ ಬಿಟ್ಟಿರಿ. ಇಂಟರ್ನೆಟ್ ಎಷ್ಟರದ್ದು ತಗೋಬೇಕು? ಇಲ್ಲಿ ಮಾರ್ಕೆಟಿಂಗ್‌ನವರು ಒಡ್ಡುವ ಮೊದಲ ಬಲೆ ಸ್ಪೀಡ್. 100, 200, 300 ಎಂಬಿಪಿಎಸ್ ಅಂತ ಬೋರ್ಡ್ ಹಾಕಿರ್ತಾರೆ. ನೆಟ್‌ಫ್ಲಿಕ್ಸ್ ತಾನೇ ಹೇಳೋ ಪ್ರಕಾರ ಫುಲ್ ಎಚ್‌ಡಿ ನೋಡೋಕೆ 5 ಎಂಬಿಪಿಎಸ್ ಸಾಕು, 4ಕೆಗೆ 15. ಒಂದು ಟಿವಿ, ಎರಡು ಮೂರು ಮೊಬೈಲ್, ಒಬ್ಬರ ವರ್ಕ್ ಫ್ರಮ್ ಹೋಮ್ ಇರುವ ಮನೆಗೆ 30ರಿಂದ 40 ಎಂಬಿಪಿಎಸ್ ಧಾರಾಳ. ಸ್ಪೀಡ್ ಸಾಲ್ತಿಲ್ಲ ಅನ್ನಿಸಿದಾಗ ತಪ್ಪು ಬಹಳ ಸಲ ಪ್ಲಾನ್‌ದಲ್ಲ, ರೌಟರ್ ಇಟ್ಟ ಜಾಗದ್ದು. ಟಿವಿ ಹಿಂದೆ, ಗೋಡೆ ಮೂಲೆಯಲ್ಲಿ, ಬೀರು ಪಕ್ಕ ಇಟ್ಟು ಆಮೇಲೆ ದೊಡ್ಡ ಪ್ಲಾನ್‌ಗೆ ಹೋಗೋರನ್ನು ನೋಡಿದ್ದೀನಿ. ನಾನೂ ಹಾಗೇ ಮಾಡಿದ್ದೆ ಅನ್ನಿ.

'ಅನ್‌ಲಿಮಿಟೆಡ್' ಅನ್ನೋ ಪದಕ್ಕೂ ಒಂದು ಮಿತಿ ಇದೆ. ದೊಡ್ಡ ಕಂಪನಿಗಳ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಹೆದರಬೇಡಿ. ಎಚ್‌ಡಿ ವಿಡಿಯೊಗೆ ಗಂಟೆಗೆ 3 ಜಿಬಿ ಅಂತ ಹಿಡಿದರೂ ಹಗಲು ರಾತ್ರಿ ಒಂದು ಟಿವಿ ಓಡಿಸಿದರೆ 2160 ಜಿಬಿ ಆಗುತ್ತೆ. ಆದರೆ ಬಡಾವಣೆಯ ಸಣ್ಣ ಸೇವಾದಾರರ ಅಗ್ಗದ ಪ್ಲಾನ್‌ಗಳಲ್ಲಿ ಮಿತಿ ಇದಕ್ಕಿಂತ ಬಹಳ ಕಡಿಮೆ ಇರಬಹುದು, ಅದು ಮುಗಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತೆ ಅಂತ ಕೇಳಿಯೇ ದುಡ್ಡು ಕೊಡಿ. ನಮ್ಮ ಸರ್ಕಾರ 'ಬ್ರಾಡ್‌ಬ್ಯಾಂಡ್' ಅಂತ ಕರೆಯೋಕೆ ಬೇಕಾದ ಕನಿಷ್ಠ ವೇಗ 2023ರ ಜನವರಿವರೆಗೂ 512 ಕೆಬಿಪಿಎಸ್ ಆಗಿತ್ತು, ಈಗ 2 ಎಂಬಿಪಿಎಸ್. ಅಂದರೆ ಇಳಿದ ಮೇಲೂ ಅದು ಕಾನೂನಿನ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡೇ.

ದರದ ವಿಷಯ. 2020ರ ಸೆಪ್ಟೆಂಬರಿನಲ್ಲಿ ಜಿಯೊ 30 ಎಂಬಿಪಿಎಸ್‌ಗೆ 399, ಏರ್‌ಟೆಲ್ 40 ಎಂಬಿಪಿಎಸ್‌ಗೆ 499 ಅಂತ ಇಳಿಸಿದ ಮೇಲೆ ಮಾರುಕಟ್ಟೆಯ ಕೆಳಮಟ್ಟ ಅಲ್ಲೇ ಸುತ್ತುತ್ತಿದೆ. ಜಾಹೀರಾತಿನಲ್ಲಿ ಜಿಎಸ್‌ಟಿ ಇರೋದಿಲ್ಲ, ನೆನಪಿರಲಿ. 399 ಅಂದರೆ ಕೈಯಿಂದ ಹೋಗೋದು 471, 499 ಅಂದರೆ 589. ಫೈಬರ್ ಇಲ್ಲದ ಕಡೆ 5ಜಿ ಸಿಗ್ನಲ್‌ನಿಂದ ಓಡುವ ಏರ್‌ಫೈಬರ್ ಬಂದಿದೆ. ಜಿಯೊ ಅದನ್ನು 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಶುರು ಮಾಡಿದಾಗ 599ರ ಪ್ಲಾನ್ ತೆರಿಗೆ ಸೇರಿ 707 ಆಗುತ್ತಿತ್ತು. ಟವರ್ ಮೇಲೆ ಹೊರೆ ಜಾಸ್ತಿಯಾದರೆ ಸಂಜೆ ಹೊತ್ತು ವೇಗ ಇಳಿಯುತ್ತೆ. ಆದ್ದರಿಂದ ಫೈಬರ್ ಸಿಗುವ ಬೀದಿಯಲ್ಲಿದ್ದರೆ ಫೈಬರೇ ಹಾಕಿಸಿ.

ಆರು ತಿಂಗಳು, ವರ್ಷದ ಪ್ಲಾನ್ ತಗೊಂಡರೆ ಇನ್‌ಸ್ಟಾಲೇಶನ್ ಫ್ರೀ ಅಂತಾರೆ. ಮೊದಲು ಒಂದೇ ತಿಂಗಳದ್ದು ತಗೊಳ್ಳಿ. ಪಕ್ಕದ ಮನೆಯವರನ್ನು ಕೇಳಿ: ಮಳೆ ಬಂದಾಗ ಎಷ್ಟು ಹೊತ್ತು ಹೋಗುತ್ತೆ, ಫೋನ್ ಮಾಡಿದರೆ ಯಾವಾಗ ಬರ್ತಾರೆ? ಯಾವ ರಿವ್ಯೂ ಸೈಟಿಗಿಂತಲೂ ಆ ಉತ್ತರ ನಂಬಿಕಸ್ಥ. ಓಟಿಟಿ ಸೇರಿಸಿದ ಪ್ಲಾನ್‌ಗಳ ಬಗ್ಗೆ ಒಂದೇ ಮಾತು: ಅದು ಹಳೇ ಕೇಬಲ್ ಪ್ಯಾಕ್‌ನ ಹೊಸ ಅವತಾರ. ನಿಮ್ಮ ಮನೆಯಲ್ಲಿ ನಿಜವಾಗಿ ನೋಡೋ ಎರಡು ಆ್ಯಪ್ ಯಾವುದು ಅಂತ ಬರೆದುಕೊಂಡು ಬಿಡಿಯಾಗಿ ಲೆಕ್ಕ ಹಾಕಿ ನೋಡಿ.

ಅಮ್ಮನಂಥ ಪ್ರೇಕ್ಷಕರಿಗೆ ಇನ್ನೂ ಒಂದು ದಾರಿ ಇದೆ. ಡಿಡಿ ಫ್ರೀ ಡಿಶ್. 2004ರಿಂದ ಇದೆ, ತಿಂಗಳ ಬಾಡಿಗೆ ಸೊನ್ನೆ. ಚಂದನ ಬರುತ್ತೆ. ಮನೆಯವರ ಧಾರಾವಾಹಿ ಬರುತ್ತಾ ಅಂತ ಮೊದಲೇ ವಿಚಾರಿಸಿ, ಇಲ್ಲದಿದ್ದರೆ ಬೈಸಿಕೊಳ್ಳೋದು ನೀವು.

ಇಷ್ಟು ಹೊತ್ತು ಹೇಳಿದ್ದು ಜೇಬಿನ ಲೆಕ್ಕ. ನನಗೆ ಕಿರಿಕಿರಿ ಆಗಿದ್ದು ಬೇರೆ ಕಾರಣಕ್ಕೆ. ಕೇಬಲ್ ಬಿಟ್ಟು ಇಂಟರ್ನೆಟ್‌ಗೆ ಹೋದರೆ ದೊಡ್ಡ ವಾಹಿನಿಗಳ ಹಿಡಿತದಿಂದ ತಪ್ಪಿಸಿಕೊಂಡ್ವಿ ಅಂತ ನಾವು ಅಂದ್ಕೊಳ್ತೀವಿ. ನಿಜ ಏನು ಅಂತ ಕನ್ನಡದ್ದೇ ಉದಾಹರಣೆ ನೋಡಿ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ವರ್ಷಗಟ್ಟಲೆ ಟಿಆರ್‌ಪಿಗೆ ಕಿತ್ತಾಡಿದ ಎರಡು ಚಾನೆಲ್. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಭಾರತದ ಮಾಧ್ಯಮ ವ್ಯವಹಾರ ಒಂದಾದ ಮೇಲೆ ಎರಡೂ ಒಂದೇ ಸೂರಿನಡಿ. 2025ರ ಫೆಬ್ರವರಿಯಲ್ಲಿ ಜಿಯೊಸಿನೆಮಾ, ಹಾಟ್‌ಸ್ಟಾರ್ ಸೇರಿ ಒಂದೇ ಆ್ಯಪ್ ಆಯಿತು. ಅದೇ ಗುಂಪು ಮನೆಗೆ ಫೈಬರ್ ಎಳೆಯುತ್ತೆ. ಕೇಬಲ್ ದೈತ್ಯರಾದ ಹಾಥ್‌ವೇ, ಡೆನ್‌ನಲ್ಲಿ 2018ರಲ್ಲೇ ದೊಡ್ಡ ಪಾಲು ಖರೀದಿಸಿತು. ಚಾನೆಲ್, ಆ್ಯಪ್, ಮೊಬೈಲ್ ಡೇಟಾ, ಮನೆಯ ವೈರ್, ನೀವು ಬಿಟ್ಟು ಬಂದ ಕೇಬಲ್ – ಎಲ್ಲದರಲ್ಲೂ ಒಬ್ಬರೇ ಇದ್ದರೆ 'ಬಿಟ್ಟೆ' ಅನ್ನೋ ಪದಕ್ಕೆ ಅರ್ಥ ಏನು? 2023ರಲ್ಲಿ ಐಪಿಎಲ್ ಆ್ಯಪ್‌ನಲ್ಲಿ ಪುಕ್ಕಟೆ ಸಿಕ್ಕಿತು. 2025ರಲ್ಲಿ ಚಂದಾ ಕೇಳಿದರು. ಮಧ್ಯದ ಎರಡು ವರ್ಷದಲ್ಲಿ ಎಷ್ಟು ಮನೆ ಕೇಬಲ್ ಕಿತ್ತುಹಾಕಿರಬಹುದು, ಯೋಚಿಸಿ.

2016ರ ಫೆಬ್ರವರಿಯಲ್ಲಿ ಟ್ರಾಯ್ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್‌ಗೆ ಬಾಗಿಲು ಹಾಕಿದ್ದು ಈ ದೇಶದ ಯುವಕರು ಲಕ್ಷಗಟ್ಟಲೆ ಇಮೇಲ್ ಕಳಿಸಿದ್ದರಿಂದ. ನೆಟ್ ನ್ಯೂಟ್ರಾಲಿಟಿಯ ಆ ನಿಯಮ ಇವತ್ತಿಗೂ ಇದೆ: ಒಂದು ಸೈಟಿಗೆ ಒಂದು ದರ, ಇನ್ನೊಂದಕ್ಕೆ ಇನ್ನೊಂದು ದರ ಹಾಕುವಂತಿಲ್ಲ. ಆದರೆ ವೈರಿನ ಒಡೆಯನೇ ಆ್ಯಪ್‌ನ ಒಡೆಯನೂ ಆಗಿ, ತನ್ನ ಆ್ಯಪನ್ನು ಪ್ಲಾನ್ ಜೊತೆ ಅಂಟಿಸಿ ಕೊಟ್ಟರೆ ಬೇರೆ ದರ ಹಾಕುವ ಅಗತ್ಯವೇ ಬೀಳೋದಿಲ್ಲ. ಅದಕ್ಕೆ ಈಗ ಯಾರೂ ಇಮೇಲ್ ಬರೀತಿಲ್ಲ.

ಇನ್ನು ನಮ್ಮ ಬೀದಿಯ ಕೇಬಲ್‌ನವನು. 130 ರೂಪಾಯಿ ನೆಟ್‌ವರ್ಕ್ ಶುಲ್ಕದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಸ್ಥಳೀಯ ಆಪರೇಟರ್‌ಗೆ 45%, ಅಂದರೆ 58 ರೂಪಾಯಿ ಚಿಲ್ಲರೆ. ಕಂಬ ಹತ್ತೋದು, ಬೈಸಿಕೊಳ್ಳೋದು, ವಸೂಲಿ ಮಾಡೋದು ಎಲ್ಲ ಅವನೇ. ಇವರಲ್ಲಿ ಹಲವರು ಈಗ ಬಿಎಸ್‌ಎನ್‌ಎಲ್ ಫೈಬರ್‌ನ ಪಾಲುದಾರರು. ಬಿಎಸ್‌ಎನ್‌ಎಲ್ ಮನೆಮನೆಗೆ ಫೈಬರ್ ಕೊಡೋದು ಬಹುಪಾಲು ಇಂಥ ಸ್ಥಳೀಯರ ಮೂಲಕ, ಆದಾಯ ಹಂಚಿಕೊಂಡು. ಹಾಗಾಗಿ 'ಬಿಎಸ್‌ಎನ್‌ಎಲ್ ಚೆನ್ನಾಗಿದೆಯಾ?' ಅನ್ನೋ ಪ್ರಶ್ನೆಗೆ ಇಡೀ ರಾಜ್ಯಕ್ಕೆ ಒಂದೇ ಉತ್ತರ ಇಲ್ಲ. ನಿಮ್ಮ ಬೀದಿಯ ಪಾಲುದಾರ ಚೆನ್ನಾಗಿದ್ದರೆ ಬಿಎಸ್‌ಎನ್‌ಎಲ್ ಚೆನ್ನಾಗಿದೆ.

ಪಕ್ಕದ ಕೇರಳ 2023ರ ಜೂನ್‌ನಲ್ಲಿ ಕೆ-ಫೋನ್ ಅನ್ನೋ ಸರ್ಕಾರಿ ಜಾಲ ಉದ್ಘಾಟಿಸಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ, ಉಳಿದವರಿಗೆ 20 ಎಂಬಿಪಿಎಸ್‌ಗೆ 299ರಿಂದ ಶುರು. ಮೊದಲ ಹಂತದಲ್ಲಿ ಉಚಿತವಾಗಿ ಕೊಡಲು ಹೊರಟಿದ್ದು ಕ್ಷೇತ್ರಕ್ಕೆ 100ರಂತೆ 14,000 ಮನೆಗೆ, ಭರವಸೆಗೂ ಕೆಲಸಕ್ಕೂ ಇರುವ ಅಂತರ ಅದರಲ್ಲೇ ಕಾಣುತ್ತೆ. ಆದರೂ ಇಂಟರ್ನೆಟ್ಟನ್ನು ನೀರು, ಕರೆಂಟಿನ ಸಾಲಿಗೆ ಸೇರಿಸಿ ಮಾತಾಡುವ ಒಂದು ಸರ್ಕಾರ ಅಲ್ಲಿದೆ. ಐಟಿ ರಾಜಧಾನಿ ಅಂತ ಎದೆ ತಟ್ಟಿಕೊಳ್ಳುವ ನಮ್ಮಲ್ಲಿ ಮನೆಗೆ ಇಂಟರ್ನೆಟ್ ಅನ್ನೋದು ಚುನಾವಣಾ ವಿಷಯವೇ ಆಗಿಲ್ಲ. ದೇಶದ 90 ಕೋಟಿ ಮೀರಿದ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ವೈರ್ ಮೂಲಕ ಇರೋದು 4 ಕೋಟಿ ಚಿಲ್ಲರೆ. ಮಿಕ್ಕವರೆಲ್ಲ ದಿನಕ್ಕೆ ಇಷ್ಟು ಜಿಬಿ ಅಂತ ಮೊಬೈಲ್ ರೀಚಾರ್ಜ್ ಮಾಡಿಸಿಕೊಂಡು, ಒಂದೇ ಫೋನ್‌ನಲ್ಲಿ ಇಬ್ಬರು ಮಕ್ಕಳ ಓದು ನಡೆಸೋರು. ಫಿಕ್ಸೆಡ್ ಬ್ರಾಡ್‌ಬ್ಯಾಂಡ್ ಆದಾಯಕ್ಕೆ ಲೈಸೆನ್ಸ್ ಶುಲ್ಕ ಬಿಡಿ ಅಂತ ಟ್ರಾಯ್ 2021ರಲ್ಲೇ ಶಿಫಾರಸು ಮಾಡಿತ್ತು. ನಮ್ಮ ಎಂಪಿಗಳಲ್ಲಿ ಎಷ್ಟು ಜನ ಅದರ ಬಗ್ಗೆ ಬಾಯಿ ಬಿಟ್ಟಿದ್ದಾರೆ?

ಸೇವೆ ಕೈಕೊಟ್ಟಾಗ ಏನು ಮಾಡಬೇಕು ಅನ್ನೋದೂ ಗೊತ್ತಿರಲಿ. ಟ್ರಾಯ್‌ಗೆ ಬರೆದರೆ ಅದು ಒಬ್ಬೊಬ್ಬರ ದೂರನ್ನು ತಾನೇ ಬಗೆಹರಿಸೋದಿಲ್ಲ. ಮೊದಲು ಕಂಪನಿಯಲ್ಲಿ ದೂರು ಕೊಟ್ಟು ಡಾಕೆಟ್ ನಂಬರ್ ತಗೊಳ್ಳಿ. ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಅದೂ ಆಗದಿದ್ದರೆ ಗ್ರಾಹಕರ ಆಯೋಗ. ಟೆಲಿಕಾಂ ಗ್ರಾಹಕರು ಅಲ್ಲಿಗೆ ಹೋಗುವಂತಿಲ್ಲ ಅಂತ ಕಂಪನಿಗಳು ವರ್ಷಗಟ್ಟಲೆ ವಾದಿಸುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿತು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ನನ್ನ ಮುಂಗಡ ವಾಪಸ್ ಬಂದಿದ್ದು ನಾನು ಮೇಲ್‌ನಲ್ಲಿ ಈ ತೀರ್ಪಿನ ಹೆಸರು ಬರೆದ ಮೂರನೇ ದಿನಕ್ಕೆ.

ಕೊನೆಗೂ ಮನೆಗೆ ಫೈಬರ್ ಬಂತು. ಎಳೆಯೋಕೆ ಏಣಿ ಹೊತ್ತು ಬಂದವನು ಅದೇ ಹಳೇ ಕೇಬಲ್‌ನವನು. ಅಮ್ಮ ಕಾಫಿ ಕೊಟ್ಟು, "ಅಲ್ಲ ಕಣಪ್ಪ, ನಿನ್ನ ಕನೆಕ್ಷನ್ ಬಿಡಿಸಿದ್ದಕ್ಕೆ ಬೇಜಾರಿಲ್ವಾ?" ಅಂದಳು. "ಯಾವುದಾದ್ರೇನಕ್ಕಾ, ಕಂಬ ಹತ್ತೋನು ನಾನೇ ಅಲ್ವಾ" ಅಂತ ನಕ್ಕು, ಮುಂದಿನ ತಿಂಗಳ ದುಡ್ಡು 5ನೇ ತಾರೀಖಿನೊಳಗೆ ಕೊಡಬೇಕು ಅಂತ ಹೇಳಿ ಹೋದ.